ಮಲೆನಾಡಿನ ಹೋಂಸ್ಟೇ ಮಾಲೀಕರಿಗೆ: ಪೆಟ್ಟಿಗೆ ಕೊಳ್ಳುವ ಮುಂಚೆ ಮೀಟರ್ ಹಿಡಿಯಿರಿ



ಮಳೆಗಾಲ ಹತ್ತಿರವಾದಾಗೆಲ್ಲ ನಿಮ್ಮಲ್ಲಿ ಹಲವರು ಕೇಳುವುದು ಒಂದೇ ಪ್ರಶ್ನೆ: "ಯಾವ ಸ್ಟೆಬಿಲೈಜರ್ ತಗೊಳ್ಳೋದು ಮಾರಾಯ್ರೇ?" ಕಂಪನಿಯ ಹೆಸರೊಂದು ಹೇಳಿಬಿಟ್ಟರೆ ಮುಗಿಯಿತು ಎಂಬ ಧಾಟಿ. ನಾನು ತಿರುಗಿ ಕೇಳುವುದೂ ಒಂದೇ: "ರಾತ್ರಿ ಎಂಟಕ್ಕೆ ನಿಮ್ಮಲ್ಲಿ ಎಷ್ಟು ವೋಲ್ಟೇಜ್ ಇರುತ್ತೆ?" ಇದಕ್ಕೆ ಉತ್ತರ ಸಿಗುವುದು ಅಪರೂಪ. "ಡಿಮ್ ಇರುತ್ತೆ" ಅನ್ನುತ್ತೀರಿ. 205 ಇದ್ದರೂ ಡಿಮ್, 140 ಇದ್ದರೂ ಡಿಮ್. 205 ಇರುವವರಿಗೆ ಪೆಟ್ಟಿಗೆಯೇ ಬೇಡ. 140 ಇರುವವರಿಗೆ ಪೆಟ್ಟಿಗೆಯೊಂದೇ ಸಾಲದು. ಒಬ್ಬೊಬ್ಬರಿಗೆ ಬಿಡಿಸಿ ಹೇಳುವುದಕ್ಕಿಂತ ಎಲ್ಲರಿಗೂ ಸೇರಿಸಿ ಬರೆದುಬಿಡೋಣ ಎಂದು ಈ ಪತ್ರ.

ಲೆಕ್ಕ ಶುರುವಾಗುವುದು 230ರಿಂದ. ಸಿಂಗಲ್ ಫೇಸ್ ಮನೆಗೆ ಬರಬೇಕಾದ ವೋಲ್ಟೇಜ್ ಅದು. ನಿಯಮದ ಪ್ರಕಾರ ಶೇ. 6ರಷ್ಟು ಮೇಲೆ ಕೆಳಗೆ ಆಗಬಹುದು, ಅಂದರೆ ಸುಮಾರು 216ರಿಂದ 244. ಟಿಸಿಯಿಂದ (ಟ್ರಾನ್ಸ್‌ಫಾರ್ಮರಿನಿಂದ) ಹೊರಡುವಾಗ ಅದು ಇನ್ನೂ ಜೋರಾಗಿಯೇ ಹೊರಡುತ್ತದೆ. ಕಂಬದ ಮೇಲಿನ ಟಿಸಿ 11,000 ವೋಲ್ಟನ್ನು 433ಕ್ಕೆ ಇಳಿಸುತ್ತದೆ. ಫೇಸಿಗೂ ನ್ಯೂಟ್ರಲ್‌ಗೂ ನಡುವೆ ಅಳೆದರೆ 250. ದಾರಿಯಲ್ಲಿ ಒಂದಿಷ್ಟು ಹೋಗುತ್ತದೆ ಎಂದು ಲೆಕ್ಕ ಹಾಕಿಯೇ ಹಾಗೆ ಮಾಡಿದ್ದಾರೆ. ಬಯಲುಸೀಮೆಯ ಊರುಗಳಲ್ಲಿ ಮನೆಗಳು ಟಿಸಿಯ ಸುತ್ತ ಗುಂಪಾಗಿರುತ್ತವೆ, ಈ ಲೆಕ್ಕ ಹೇಗೋ ಸರಿಹೋಗುತ್ತದೆ. ನಮ್ಮಲ್ಲಿ ಗುಡ್ಡಕ್ಕೊಂದು ಮನೆ, ತೋಟ ದಾಟಿ, ಹಳ್ಳ ದಾಟಿ, ಮರಗಳ ಸಂದಿಯಲ್ಲಿ ನುಸುಳಿ ಬರುವ ತಂತಿ. ಲೈನ್ ಎಳೆಯುವವರ ಬಾಯಲ್ಲಿ ತಂತಿಗಳಿಗೆಲ್ಲ ಪ್ರಾಣಿಗಳ ಹೆಸರು: ರ‍್ಯಾಬಿಟ್, ವೀಸಲ್, ಸ್ಕ್ವಿರಲ್. ವೀಸಲ್ ತಂತಿಗೆ ಕಿಲೋಮೀಟರಿಗೆ ಸುಮಾರು 0.9 ಓಮ್ ತಡೆ. ಹೋಗುವ ತಂತಿ, ಬರುವ ತಂತಿ ಸೇರಿ 1.8. ಅದರಲ್ಲಿ 20 ಆಂಪಿಯರ್ ಹರಿದರೆ 36 ವೋಲ್ಟ್ ದಾರಿಯಲ್ಲೇ ಖಾಲಿ. 40 ಹರಿದರೆ 72. ಹಗಲು ಅತಿಥಿಗಳು ಟ್ರೆಕ್ಕಿಂಗ್ ಹೋದಾಗ ಚೆನ್ನಾಗಿದ್ದ ಕರೆಂಟು ಸಂಜೆ ಅವರು ವಾಪಸ್ ಬಂದು ಗೀಸರ್ ಹಾಕಿದೊಡನೆ ಕುಸಿಯುವುದು ಇದೇ ಕಾರಣಕ್ಕೆ.

ಇಲ್ಲಿಯೇ ಸ್ಟೆಬಿಲೈಜರ್ ಬಗ್ಗೆ ಇರುವ ಮುಖ್ಯ ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕು. ಆ ಪೆಟ್ಟಿಗೆ ಕರೆಂಟನ್ನು ಹುಟ್ಟಿಸುವುದಿಲ್ಲ. ಒಳಗಿರುವುದು ಒಂದು ಆಟೋ ಟ್ರಾನ್ಸ್‌ಫಾರ್ಮರ್. ಅದರ ವೈಂಡಿಂಗ್‌ನಿಂದ ನಾಲ್ಕಾರು ಕಡೆ ಟ್ಯಾಪ್ ತೆಗೆದಿರುತ್ತಾರೆ. ಒಳಬರುವ ವೋಲ್ಟೇಜನ್ನು ಒಂದು ಬೋರ್ಡು ನೋಡುತ್ತಾ, ರಿಲೇಗಳ ಮೂಲಕ ತಕ್ಕ ಟ್ಯಾಪಿಗೆ ಬದಲಾಯಿಸುತ್ತದೆ. ನೀವು ಕೇಳುವ 'ಟಕ್' ಸದ್ದು ಅದೇ. ವೋಲ್ಟೇಜ್ ಏರಿಸಿದಷ್ಟೂ ಲೈನಿನಿಂದ ಹೆಚ್ಚು ಆಂಪಿಯರ್ ಎಳೆಯಲೇಬೇಕು. 1,500 ವ್ಯಾಟಿನ ಒಂದು ಹೀಟರ್ ಇದೆ ಎನ್ನಿ. 160 ವೋಲ್ಟಿನಲ್ಲಿ ನೇರವಾಗಿ ಹಾಕಿದರೆ ಅದು ಎಳೆಯುವುದು ಸುಮಾರು ನಾಲ್ಕೂವರೆ ಆಂಪಿಯರ್. ಶಾಖವೂ ಅರ್ಧಕ್ಕೆ ಇಳಿದಿರುತ್ತದೆ. ಅದೇ ಹೀಟರನ್ನು ಸ್ಟೆಬಿಲೈಜರ್ ಮೂಲಕ ಪೂರ್ತಿ 1,500 ವ್ಯಾಟ್ ಓಡಿಸಿದರೆ ಲೈನಿನಿಂದ ಒಂಬತ್ತಕ್ಕೂ ಹೆಚ್ಚು ಆಂಪಿಯರ್ ಬೇಕು. ಎಳೆತ ಎರಡು ಪಟ್ಟು. ಲೈನಿನ ವೋಲ್ಟೇಜ್ ಇನ್ನೂ ಕುಸಿಯುತ್ತದೆ, ಪಕ್ಕದ ಮನೆಯ ಸ್ಟೆಬಿಲೈಜರ್ ಇನ್ನೊಂದು ಟ್ಯಾಪ್ ಮೇಲೆ ಹಾರುತ್ತದೆ, ಅದರಿಂದ ಮತ್ತೂ ಕುಸಿಯುತ್ತದೆ. ನಾಲೆಯ ಕೊನೆಯ ಗದ್ದೆಯವರೆಲ್ಲ ಪಂಪ್ ಇಟ್ಟು ನೀರೆತ್ತಲು ನಿಂತರೆ ಏನಾಗುತ್ತದೋ ಅದೇ ಇಲ್ಲೂ ಆಗುವುದು. ಒಂದೇ ಲೈನಿನಲ್ಲಿ ನಾಲ್ಕು ಹೋಂಸ್ಟೇಗಳಿದ್ದು ನಾಲ್ಕೂ ಕಡೆ ಇಡೀ ಮನೆಗೆ ಮೇನ್‌ಲೈನ್ ಸ್ಟೆಬಿಲೈಜರ್ ಕೂರಿಸಿದರೆ ನಾಲ್ವರೂ ಸೇರಿ ಲೈನನ್ನು ಕೊಂದಂತೆ. ಈ ಮಾತು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಹಾಗಾಗಿ ಮೊದಲ ಕೆಲಸ ಅಳತೆ. ಡಿಜಿಟಲ್ ಮಲ್ಟಿಮೀಟರ್ ದುಬಾರಿಯೇನಲ್ಲ. ಹರ್ಟ್ಸ್ ತೋರಿಸುವಂಥದ್ದನ್ನು ಕೊಂಡರೆ ಜನರೇಟರಿಗೂ ಆಗುತ್ತದೆ. ಬೆಳಿಗ್ಗೆ ಗೀಸರ್ ಹೊತ್ತಿನಲ್ಲಿ, ಸಂಜೆ ಏಳರಿಂದ ಹತ್ತರ ನಡುವೆ, ನಡುರಾತ್ರಿ ಎಲ್ಲರೂ ಮಲಗಿದ ಮೇಲೆ, ಹೀಗೆ ಬರೆದಿಡಿ. ಶನಿವಾರದ ಕೋಣೆ ತುಂಬಿದ ರಾತ್ರಿಯೂ ಇರಲಿ, ಖಾಲಿ ಮಂಗಳವಾರವೂ ಇರಲಿ. ಅತಿ ಕಡಿಮೆ ಎಷ್ಟು, ಅತಿ ಹೆಚ್ಚು ಎಷ್ಟು ಎಂಬ ಎರಡು ಅಂಕಿ ಕೈಯಲ್ಲಿದ್ದರೆ ಅರ್ಧ ಆಯ್ಕೆ ಆದ ಹಾಗೆ.

ಅಳೆಯುವಾಗ ಎರಡು ಕಡೆ ಅಳೆಯಿರಿ: ಮೀಟರ್ ಬೋರ್ಡಿನ ಮೇನ್ ಸ್ವಿಚ್ಚಿನಲ್ಲೊಮ್ಮೆ, ಯಂತ್ರ ಓಡುತ್ತಿರುವಾಗ ಅದರ ಪ್ಲಗ್ಗಿನಲ್ಲೊಮ್ಮೆ. ಮೇನಿನಲ್ಲಿ 225 ಇದ್ದು ಕಾಟೇಜಿನಲ್ಲಿ 205 ಇದ್ದರೆ ಸರಬರಾಜು ಕಂಪನಿಯನ್ನು ಬೈದು ಪ್ರಯೋಜನವಿಲ್ಲ, ದೋಷ ನಿಮ್ಮ ವೈರಿನದು. ಹೋಂಸ್ಟೇಗಳಲ್ಲಿ ಇದು ತೀರಾ ಸಾಮಾನ್ಯ. ಮೊದಲು ಹಳೆ ಮನೆ, ಆಮೇಲೆ ತೋಟದ ಅಂಚಿಗೆ ಎರಡು ಕಾಟೇಜು, ಅಲ್ಲಿಗೆ ಕೈಗೆ ಸಿಕ್ಕ 1.5 ಸ್ಕ್ವೇರ್ ಎಂಎಂ ವೈರು. ದೂರ 80 ಮೀಟರ್ ಎಂದರೆ ಹೋಗಿ ಬಂದು 160 ಮೀಟರ್ ತಾಮ್ರ, ಸುಮಾರು 1.9 ಓಮ್. ಅದರ ತುದಿಗೆ 2 ಕಿಲೋವ್ಯಾಟ್ ಗೀಸರ್ ಹಾಕಿದರೆ 16 ವೋಲ್ಟ್ ನಿಮ್ಮದೇ ಅಂಗಳದಲ್ಲಿ ಕರಗುತ್ತದೆ, ವೈರೂ ಬಿಸಿಯಾಗುತ್ತದೆ. 4 ಸ್ಕ್ವೇರ್ ಎಂಎಂ ಹಾಕಿದ್ದರೆ ನಷ್ಟ 6 ವೋಲ್ಟಿಗೆ ಇಳಿಯುತ್ತಿತ್ತು. ಸ್ಟೆಬಿಲೈಜರ್ ದುಡ್ಡು ಆ ವೈರಿಗೆ ಹಾಕಿ. ತ್ರೀ ಫೇಸ್ ಸಂಪರ್ಕ ಇರುವವರು ಗೀಸರ್‌ಗಳನ್ನೆಲ್ಲ ಒಂದೇ ಫೇಸಿಗೆ ಕಟ್ಟಿದ್ದಾರೆಯೇ ಎಂದೂ ನೋಡಿಸಿ. ಮೂರಕ್ಕೂ ಸಮನಾಗಿ ಹಂಚಿದರೆ ನ್ಯೂಟ್ರಲ್‌ನಲ್ಲಿ ಹರಿಯುವುದು ಕಡಿಮೆಯಾಗಿ, ಒಂದು ರೂಪಾಯಿ ಸಾಮಾನು ಕೊಳ್ಳದೆ ವೋಲ್ಟೇಜ್ ಮೇಲೇರುತ್ತದೆ.

ಇಷ್ಟಾದ ಮೇಲೂ ಮೇನಿನಲ್ಲೇ ವೋಲ್ಟೇಜ್ ಇಲ್ಲ ಎಂದಾದರೆ ಯಾವ ಯಂತ್ರಕ್ಕೆ ಪೆಟ್ಟಿಗೆ ಬೇಕು, ಯಾವುದಕ್ಕೆ ಬೇಡ ಎಂದು ವಿಂಗಡಿಸಿ. ಗೀಸರಿಗೆ ಖಂಡಿತ ಬೇಡ. 180 ವೋಲ್ಟಿನಲ್ಲಿ 2 ಕಿಲೋವ್ಯಾಟ್ ಗೀಸರ್ ಕೊಡುವುದು 1.2 ಕಿಲೋವ್ಯಾಟ್ ಅಷ್ಟೆ. 15 ಲೀಟರ್ ನೀರು 18 ನಿಮಿಷದ ಬದಲು ಅರ್ಧ ಗಂಟೆಯಲ್ಲಿ ಕಾಯುತ್ತದೆ, ಕಾಯಿಲ್ ಏನೂ ಸುಡುವುದಿಲ್ಲ. (ಬಚ್ಚಲ ಹಂಡೆಗೆ ಸೌದೆ ಒಟ್ಟಿ ನೀರು ಕಾಯಿಸಿಕೊಡುವ ಮನೆಗಳನ್ನು ಅತಿಥಿಗಳು ಮೆಚ್ಚಿಯೇ ಹೋಗುತ್ತಾರೆ ಎಂಬುದು ಬೇರೆ ಮಾತು.) ಎಲ್‌ಇಡಿ ಬಲ್ಬು, ಫೋನ್ ಚಾರ್ಜರ್, ಲ್ಯಾಪ್‌ಟಾಪಿಗೂ ಬೇಡ. ಚಾರ್ಜರಿನ ಬೆನ್ನು ತಿರುಗಿಸಿ ನೋಡಿ, 100-240 ಎಂದು ಬರೆದಿರುತ್ತದೆ. ಈಗಿನ ಹೆಚ್ಚಿನ ಟಿವಿಗಳೂ ಅದೇ ಜಾತಿ.

ಬೇಕಾಗುವುದು ಕಂಪ್ರೆಸರ್ ಇರುವ ಯಂತ್ರಗಳಿಗೆ. ಹಳೆಯ ಮಾದರಿಯ ಫ್ರಿಜ್, ಡೀಪ್ ಫ್ರೀಜರ್, ಇನ್ವರ್ಟರ್ ಅಲ್ಲದ ಎಸಿ. ಇಂಥ ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ; 180ಕ್ಕೆ ಬಂದರೆ ಬಲ ಐದರಲ್ಲಿ ಮೂರು ಪಾಲು ಮಾತ್ರ. ಶುರುವಾಗಲು ಒದ್ದಾಡುತ್ತದೆ, ಒದ್ದಾಡುವಷ್ಟು ಹೊತ್ತು ಹಲವು ಪಟ್ಟು ಕರೆಂಟು ಎಳೆಯುತ್ತದೆ, ಓವರ್‌ಲೋಡ್ ಟ್ರಿಪ್ ಆಗುತ್ತದೆ, ತಣಿದು ಮತ್ತೆ ಒದ್ದಾಡುತ್ತದೆ. ಫ್ರಿಜ್ಜಿನ ಹಿಂದೆ ಗುಂಯ್ ಎಂದು ಸದ್ದಾಗಿ ಟಕ್ ಎಂದು ನಿಂತು, ಸ್ವಲ್ಪ ಹೊತ್ತಿಗೆ ಮತ್ತೆ ಗುಂಯ್ ಎಂದರೆ ಅದನ್ನು ಕೂಡಲೇ ಆಫ್ ಮಾಡಿ. ವೈಂಡಿಂಗ್ ಸುಡುವುದು ಹೀಗೆಯೇ. ಇನ್ವರ್ಟರ್ ಎಸಿ, ಇನ್ವರ್ಟರ್ ಫ್ರಿಜ್ಜುಗಳು ಅಗಲವಾದ ವೋಲ್ಟೇಜಿಗೆ ಹೊಂದಿಕೊಳ್ಳುತ್ತವೆ. ಆದರೆ ಎಷ್ಟು ಅಗಲ ಎಂಬುದು ಮಾದರಿಯಿಂದ ಮಾದರಿಗೆ ಬೇರೆ. 'ಸ್ಟೆಬಿಲೈಜರ್ ಬೇಡ' ಎಂಬ ಸ್ಟಿಕ್ಕರನ್ನು ನಂಬಬೇಡಿ, ಕೈಪಿಡಿಯಲ್ಲಿ ಬರೆದಿರುವ ಕೆಳಮಿತಿಯನ್ನು ನಿಮ್ಮ ಅಳತೆಯ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ.

ಇನ್ನು ಪೆಟ್ಟಿಗೆಯ ಮೇಲಿನ ಬರಹ. ವರ್ಕಿಂಗ್ ರೇಂಜ್ 170-270, 130-300, 90-300 ಎಂದೆಲ್ಲ ಇರುತ್ತದೆ. ನಿಮ್ಮ ಅತಿ ಕಡಿಮೆ ಅಂಕಿ 175 ಆಗಿದ್ದರೆ 90ರಿಂದ ಕೆಲಸ ಮಾಡುವ ಪೆಟ್ಟಿಗೆಗೆ ಹೆಚ್ಚು ಹಣ ಕೊಡುವುದು ದಂಡ. ಕೆವಿಎ ಅಂಕಿಗೆ ಮರುಳಾಗಬೇಡಿ, ಆಂಪಿಯರ್ ಹುಡುಕಿ. ಒಂದೂವರೆ ಟನ್ ಎಸಿಗೆಂದು ಮಾರುವ '4 ಕೆವಿಎ' ಪೆಟ್ಟಿಗೆಗಳಲ್ಲಿ ಎಷ್ಟೋ ಮಾದರಿಗಳ ಮೇಲೆ ಸಣ್ಣ ಅಕ್ಷರದಲ್ಲಿ 12 ಆಂಪಿಯರ್ ಎಂದಿರುತ್ತದೆ. 4 ಕೆವಿಎ ನಿಜವೇ ಆಗಿದ್ದರೆ ಅದು 17 ಇರಬೇಕಿತ್ತು. ಆ ಎಸಿಗೆ 12 ಸಾಕು, ಚಿಂತೆಯಿಲ್ಲ. ಅದೇ ಪೆಟ್ಟಿಗೆಗೆ ಇನ್ನೊಂದು ಫ್ರಿಜ್ಜನ್ನೂ ಸಿಕ್ಕಿಸಿದಾಗ ತೊಂದರೆ. ತಾಮ್ರದ ವೈಂಡಿಂಗೋ ಅಲ್ಯೂಮಿನಿಯಮ್ಮೋ ಎಂದು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಮನೆಬಳಕೆಯ ಟ್ಯಾಪ್ ಮಾದರಿಗೆ ಐಎಸ್ 8448, ಸರ್ವೋ ಮಾದರಿಗೆ ಐಎಸ್ 9815 ಎಂಬ ಭಾರತೀಯ ಮಾನಕಗಳಿವೆ. ಅಂಗಡಿಯವರ ಮುಂದೆ ಈ ಎರಡು ಅಂಕಿ ಉಚ್ಚರಿಸಿದರೆ ಮಾತಿನ ವರಸೆಯೇ ಬದಲಾಗುತ್ತದೆ.

ಕಂಪ್ರೆಸರಿನ ಪೆಟ್ಟಿಗೆಗೆ ಟೈಮ್ ಡಿಲೇ ಇರಲೇಬೇಕು. ಕರೆಂಟು ಹೋಗಿ ಬಂದಾಗ ಮೂರು ನಿಮಿಷವಾದರೂ ತಡೆದು ಕೊಡುವಂಥದ್ದು. ನಿಂತ ಕಂಪ್ರೆಸರಿನ ಎರಡು ಕಡೆಯ ಗ್ಯಾಸಿನ ಒತ್ತಡ ಸಮನಾಗುವ ಮೊದಲೇ ಮತ್ತೆ ಎಬ್ಬಿಸಿದರೆ ಅದು ಏಳಲಾರದು. ಲೈನು ಹೋಗಿ ಅರ್ಧ ನಿಮಿಷಕ್ಕೆ ಜನರೇಟರ್ ಹಾಕುವ ನಿಮಗಂತೂ ಇದು ಊರಿನವರಿಗಿಂತ ಹೆಚ್ಚು ಅಗತ್ಯ.

ಸರ್ವೋ ಬಗ್ಗೆ ಎರಡು ಮಾತು ಸಾಕು. ಅದರಲ್ಲಿ ರಿಲೇ ಬದಲು ಪುಟ್ಟ ಮೋಟಾರೊಂದು ಕಾರ್ಬನ್ ಬ್ರಷ್ಷನ್ನು ವೈಂಡಿಂಗ್ ಮೇಲೆ ಸರಿಸುತ್ತಾ ವೋಲ್ಟೇಜನ್ನು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಹಿಡಿಯುತ್ತದೆ. ನಿಖರ, ಆದರೆ ನಿಧಾನ. ಬ್ರಷ್ ಸವೆಯುತ್ತದೆ, ಧೂಳು ಕೂರುತ್ತದೆ, ವರ್ಷಕ್ಕೊಮ್ಮೆ ಬಿಚ್ಚಿ ನೋಡುವವರು ಬೇಕು. ನಾಲ್ಕು ಕೋಣೆಯ ಹೋಂಸ್ಟೇಗೆ ಇದು ಬೇಡ ಎಂದೇ ನನ್ನ ತೀರ್ಮಾನ. ಎಸಿಗೊಂದು, ಫ್ರಿಜ್ಜಿಗೊಂದು ಸಣ್ಣ ಪೆಟ್ಟಿಗೆ ಇಟ್ಟುಕೊಳ್ಳಿ. ಲೈನಿಗೂ ಅದೇ ಹಗುರ.

ಯಾವ ಸ್ಟೆಬಿಲೈಜರೂ ಕಾಯಲಾಗದ ಎರಡು ಗಂಡಾಂತರಗಳಿವೆ. ಒಂದು ಸಿಡಿಲು. ಅದು ಬಂದು ಹೋಗುವ ವೇಗಕ್ಕೆ ರಿಲೇ ಕಣ್ಣು ಬಿಡುವುದೂ ಇಲ್ಲ. ಅದಕ್ಕೆ ಮೇನ್ ಬೋರ್ಡಿನಲ್ಲಿ ಸರ್ಜ್ ಅರೆಸ್ಟರ್, ಸರಿಯಾದ ಅರ್ಥಿಂಗ್; ಗುಡುಗು ಶುರುವಾದಾಗ ಪ್ಲಗ್ ಕೀಳುವುದು ಇಂದಿಗೂ ಒಳ್ಳೆಯ ಉಪಾಯ. ಇನ್ನೊಂದು ನ್ಯೂಟ್ರಲ್ ಕಟ್. ಗಾಳಿಮಳೆಗೆ ಕೊಂಬೆ ಬಿದ್ದು ಬರೀ ನ್ಯೂಟ್ರಲ್ ತಂತಿ ತುಂಡಾದರೆ ಮೂರು ಫೇಸುಗಳು ನಿಮ್ಮ ಮನೆಯ ಸಾಮಾನುಗಳ ಮೂಲಕವೇ ಪರಸ್ಪರ ಜೋಡಣೆಯಾಗುತ್ತವೆ. ಕಡಿಮೆ ಲೋಡ್ ಇರುವ ಫೇಸಿಗೆ 400ರ ಹತ್ತಿರದವರೆಗೂ ಬರಬಹುದು. ಒಂದು ಕೋಣೆಯ ಬಲ್ಬು ಝಗ್ಗನೆ ಉರಿದು ಪಕ್ಕದ ಕೋಣೆಯದು ಮಂಕಾದರೆ ಯೋಚಿಸುತ್ತ ನಿಲ್ಲಬೇಡಿ, ಓಡಿಹೋಗಿ ಮೇನ್ ಇಳಿಸಿ. ವೋಲ್ಟೇಜ್ ಅತಿ ಹೆಚ್ಚಾದರೆ, ಅತಿ ಕಡಿಮೆಯಾದರೆ ತಾನೇ ಕಡಿತ ಮಾಡುವ ಪ್ರೊಟೆಕ್ಟರ್ ಈಗ ಎಂಸಿಬಿ ಪಕ್ಕದಲ್ಲೇ ಕೂರುವ ಗಾತ್ರಕ್ಕೆ ಸಿಗುತ್ತದೆ. ಸ್ಟೆಬಿಲೈಜರಿಗೆ ಮೊದಲು ಅದನ್ನು ಹಾಕಿಸಿ.

ಈಗ ಜನರೇಟರ್. ಇದರಲ್ಲಿ ಎವಿಆರ್ ಎಂಬುದೊಂದು ಇದೆ, ಹೆಸರಿನಲ್ಲಿ ವೋಲ್ಟೇಜ್ ರೆಗ್ಯುಲೇಟರ್ ಎಂದೇ ಇದೆ, ಹಾಗಾಗಿ ಸ್ಟೆಬಿಲೈಜರಿನ ತಮ್ಮ ಎಂದು ಹಲವರು ಭಾವಿಸಿದ್ದಾರೆ. ಇದು ಮಾಡುವ ಕೆಲಸವೇ ಬೇರೆ. ಸ್ಟೆಬಿಲೈಜರ್ ಬಂದ ಕರೆಂಟನ್ನು ತಿದ್ದುತ್ತದೆ. ಎವಿಆರ್ ಕರೆಂಟು ಹುಟ್ಟುವ ಜಾಗದಲ್ಲೇ ಕೂತಿರುತ್ತದೆ. ಆಲ್ಟರ್ನೇಟರಿನ ಒಳಗೆ ತಿರುಗುವ ಅಯಸ್ಕಾಂತ ಎಷ್ಟು ಬಲವಾಗಿದೆ, ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂಬ ಎರಡರಿಂದ ವೋಲ್ಟೇಜ್ ಹುಟ್ಟುತ್ತದೆ. ವೇಗ ಎಂಜಿನಿನ ಗವರ್ನರ್ ಕೈಯಲ್ಲಿ, ಅಯಸ್ಕಾಂತದ ಬಲ ಎವಿಆರ್ ಕೈಯಲ್ಲಿ. ಹೊರಗೆ ಎಷ್ಟು ವೋಲ್ಟೇಜ್ ಹೋಗುತ್ತಿದೆ ಎಂದು ಸೆನ್ಸಿಂಗ್ ವೈರಿನಿಂದ ತಿಳಿದುಕೊಂಡು, ಆ ಅಯಸ್ಕಾಂತಕ್ಕೆ ಬಲ ಕೊಡುವ ಫೀಲ್ಡ್ ಕಾಯಿಲಿಗೆ ಹೋಗುವ ಡಿಸಿ ಕರೆಂಟನ್ನು ಅದು ಹೆಚ್ಚುಕಡಿಮೆ ಮಾಡುತ್ತಿರುತ್ತದೆ.

ಆದ್ದರಿಂದ ಜನರೇಟರಿನ ವೋಲ್ಟೇಜ್ ಕಡಿಮೆ ಬಂದರೆ ಮೊದಲು ನೋಡಬೇಕಾದ್ದು ಹರ್ಟ್ಸ್. ಡೀಸೆಲ್ ಸೆಟ್ಟುಗಳಲ್ಲಿ ಸಾಮಾನ್ಯವಾದ ನಾಲ್ಕು ಪೋಲಿನ ಆಲ್ಟರ್ನೇಟರ್ ನಿಮಿಷಕ್ಕೆ 1,500 ಸುತ್ತಿಗೆ 50 ಹರ್ಟ್ಸ್ ಕೊಡುತ್ತದೆ. ಕೈಯಲ್ಲಿ ಎತ್ತಿಕೊಂಡು ಹೋಗುವ ಪೆಟ್ರೋಲ್ ಸೆಟ್ಟುಗಳು ಹೆಚ್ಚಾಗಿ ಎರಡು ಪೋಲಿನವು, ಅವಕ್ಕೆ 3,000 ಸುತ್ತು ಬೇಕು. ಡೀಸೆಲ್ ಫಿಲ್ಟರ್ ಕಟ್ಟಿಕೊಂಡು ಎಂಜಿನ್ 1,300ಕ್ಕೆ ಕುಂಟುತ್ತಿದ್ದರೆ ಹರ್ಟ್ಸ್ 43ಕ್ಕೆ ಬಂದಿರುತ್ತದೆ. ಆಗ ಒಳ್ಳೆಯ ಎವಿಆರ್ ಬೇಕೆಂದೇ ವೋಲ್ಟೇಜ್ ಇಳಿಸುತ್ತದೆ, ಇಲ್ಲದಿದ್ದರೆ ಫೀಲ್ಡ್ ಕಾಯಿಲ್ ಸುಡುತ್ತದೆ. ಇದನ್ನು ತಿಳಿಯದೆ 'ಎವಿಆರ್ ಹೋಗಿದೆ' ಎಂದು ಹೊಸದು ಹಾಕಿಸಿ, ಅದೂ ಹಾಗೇ ಮಾಡಿದಾಗ ತಲೆ ಮೇಲೆ ಕೈ ಹೊತ್ತವರು ನಿಮ್ಮಲ್ಲೇ ಇದ್ದಾರೆ. 50 ಹರ್ಟ್ಸ್ ಸರಿಯಾಗಿದ್ದೂ ವೋಲ್ಟೇಜ್ ಇಲ್ಲದಿದ್ದರೆ ಮಾತ್ರ ಎವಿಆರ್ ಕಡೆ ಕೈ ಹಾಕಿ.

ಕಡಿಮೆ ವೋಲ್ಟೇಜಿಗಿಂತ ಹೆಚ್ಚು ಭಯಪಡಬೇಕಾದದ್ದು ಅತಿ ವೋಲ್ಟೇಜಿಗೆ. ನಮ್ಮ ಜನರೇಟರ್ ಶೆಡ್ಡುಗಳಲ್ಲಿ ಇಲಿಗಳಿಗೆ ಬರವಿಲ್ಲ. ಸೆನ್ಸಿಂಗ್ ವೈರನ್ನು ಇಲಿ ಕಡಿದರೆ, ಅಥವಾ ನಡುಕಕ್ಕೆ ಅದರ ಸ್ಕ್ರೂ ಸಡಿಲವಾದರೆ, ಹೊರಗೆ ವೋಲ್ಟೇಜೇ ಇಲ್ಲವೆಂದು ಕೆಲವು ಎವಿಆರ್‌ಗಳು ತಿಳಿಯುತ್ತವೆ. ಆಗ ಫೀಲ್ಡಿಗೆ ಪೂರ್ತಿ ಕರೆಂಟು ತುಂಬುತ್ತವೆ. ಒಂದು ಕ್ಷಣದಲ್ಲಿ ಅತಿಥಿಗಳ ಚಾರ್ಜರುಗಳಿಂದ ಹಿಡಿದು ನಿಮ್ಮ ವೈಫೈ ಪೆಟ್ಟಿಗೆಯವರೆಗೆ ಎಲ್ಲವೂ ಡೆಡ್. ಮೇಲೆ ಹೇಳಿದ ಪ್ರೊಟೆಕ್ಟರನ್ನು ಚೇಂಜ್‌ಓವರ್ ಸ್ವಿಚ್ಚಿನ ನಂತರ, ಲೈನು ಮತ್ತು ಜನರೇಟರ್ ಎರಡಕ್ಕೂ ತಾಗುವಂತೆ ಹಾಕಿಸಬೇಕೆನ್ನುವುದು ಇದಕ್ಕೇ.

ಬಲ್ಬುಗಳು ಒಂದೇ ಸಮ ಏರಿಳಿಯುತ್ತಿದ್ದರೆ ಎವಿಆರಿನ ಸ್ಟೆಬಿಲಿಟಿ ತಿರುಪು ತಪ್ಪಿರಬಹುದು, ಗವರ್ನರ್ ತೂಗುತ್ತಿರಲೂಬಹುದು. ಎರಡರಲ್ಲಿ ಯಾವುದು ಎಂದು ಎಂಜಿನಿನ ಸದ್ದೇ ಹೇಳುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ ಜನರೇಟರಿನಲ್ಲಿ ಎಂಜಿನ್ ಚೆನ್ನಾಗಿ ಓಡಿದರೂ ಮೀಟರ್ ಸೊನ್ನೆಯ ಹತ್ತಿರವೇ ನಿಂತರೆ, ಕಬ್ಬಿಣದಲ್ಲಿ ಉಳಿದಿರಬೇಕಾದ ಚೂರು ಕಾಂತತ್ವ ಹೋಗಿದೆ ಎಂದು ಅರ್ಥ. ಬ್ಯಾಟರಿ ಕೊಟ್ಟು ಅದನ್ನು ಮತ್ತೆ ಹುಟ್ಟಿಸಬಹುದು. ಆದರೆ ಎವಿಆರ್ ವೈರು ಬಿಡಿಸದೆ ಬ್ಯಾಟರಿ ತಾಗಿಸಿದರೆ ಎವಿಆರೂ ಹೋಗುತ್ತದೆ. ಗೊತ್ತಿರುವವರ ಕೈಯಲ್ಲೇ ಮಾಡಿಸಿ. ನಮ್ಮ ಮಳೆಗಾಲದ ಥಂಡಿಗೆ ವೈಂಡಿಂಗ್ ತೇವ ಎಳೆಯುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಲೋಡ್ ಹಾಕಿ ಓಡಿಸಿ, ಖಾಲಿ ಓಡಿಸಿದರೆ ಸಾಲದು.

ಹೊಸ ಎವಿಆರ್ ಕೊಳ್ಳುವಾಗ ಹಳೆಯದರ ಆಕಾರ ನೋಡಿ ಜೋಡಿ ಹುಡುಕಬೇಡಿ. ಸಿಂಗಲ್ ಫೇಸೋ ತ್ರೀ ಫೇಸೋ, ಸೆನ್ಸಿಂಗ್ ವೋಲ್ಟೇಜ್ ಎಷ್ಟು, ಫೀಲ್ಡಿಗೆ ಎಷ್ಟು ವೋಲ್ಟ್ ಎಷ್ಟು ಆಂಪಿಯರ್, ಬ್ರಷ್ ಇರುವ ಆಲ್ಟರ್ನೇಟರೋ ಇಲ್ಲದ್ದೋ, ಇಷ್ಟೂ ತಾಳೆಯಾಗಬೇಕು. ಆಲ್ಟರ್ನೇಟರಿನ ನೇಮ್‌ಪ್ಲೇಟಿನ ಫೋಟೋ ಫೋನಿನಲ್ಲಿರಲಿ. ಸ್ಟ್ಯಾಮ್‌ಫೋರ್ಡ್ ಆಲ್ಟರ್ನೇಟರುಗಳ ಎಸ್‌ಎಕ್ಸ್ 460ರಂಥ ಹೆಸರುವಾಸಿ ಎವಿಆರ್‌ಗಳ ನಕಲು ಮಾರುಕಟ್ಟೆಯ ತುಂಬ ಇದೆ. ನಕಲು ಓಡುವುದೇ ಇಲ್ಲ ಎನ್ನಲಾರೆ. ಹಾಕಿಸಿದರೆ ಪ್ರೊಟೆಕ್ಟರ್ ಇಲ್ಲದೆ ಹಾಕಿಸಬೇಡಿ ಎನ್ನುತ್ತೇನೆ. ಹೊಸ ಜನರೇಟರನ್ನೇ ಕೊಳ್ಳುವವರಿಗೆ: ಸಣ್ಣ ಸೆಟ್ಟುಗಳಲ್ಲಿ ಬರೀ ಕೆಪಾಸಿಟರ್ ಮೇಲೆ ನಡೆಯುವವು ಅಗ್ಗ, ಲೋಡ್ ಬದಲಾದಂತೆ ವೋಲ್ಟೇಜೂ ಹೊಯ್ದಾಡುತ್ತದೆ. ಎವಿಆರ್ ಇರುವವು ಪಂಪು, ಫ್ರಿಜ್ಜಿಗೆ ತಕ್ಕವು. ಇನ್ವರ್ಟರ್ ಜನರೇಟರುಗಳು ದುಬಾರಿ, ಆದರೆ ಕರೆಂಟು ಶುದ್ಧ, ಸದ್ದು ಕಡಿಮೆ. ಕಾಡಿನ ಮೌನ ಕೇಳಲು ಬಂದ ಅತಿಥಿಗಳಿರುವ ಕಡೆ ಅದಕ್ಕೂ ಬೆಲೆಯಿದೆ. ಒಂದು ಎಚ್‌ಪಿ ಪಂಪು ಓಡುವಾಗ ಎಳೆಯುವುದಕ್ಕಿಂತ ಶುರುವಾಗುವಾಗ ಐದಾರು ಪಟ್ಟು ಎಳೆಯುತ್ತದೆ ಎಂಬುದನ್ನು ಅಳತೆ ನಿರ್ಧರಿಸುವಾಗ ಮರೆಯಬೇಡಿ.

ಚೇಂಜ್‌ಓವರ್ ಸ್ವಿಚ್ ಇಲ್ಲದೆ, ಪ್ಲಗ್ಗಿಗೆ ಪ್ಲಗ್ ಕೊಟ್ಟು ಜನರೇಟರ್ ಹಾಕುವ ಮನೆಗಳು ಈಗಲೂ ಇವೆ. ನಿಮ್ಮ 230 ವೋಲ್ಟ್ ಹಿಂದಕ್ಕೆ ಹರಿದು ಟಿಸಿಯಲ್ಲಿ 11,000 ಆಗಿ ಏರುತ್ತದೆ. ಮಳೆಯಲ್ಲಿ ಕಂಬ ಹತ್ತಿರುವ ಪವರ್‌ಮನ್ ಆ ತಂತಿ ಹಿಡಿದಿರುತ್ತಾನೆ. ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನ್ಯೂಟ್ರಲ್ಲನ್ನೂ ಕಡಿಯುವ ಚೇಂಜ್‌ಓವರನ್ನು ಇದೇ ವಾರ ಹಾಕಿಸಿ.

ಹಳ್ಳದ ನೀರಿಗೆ ಪುಟ್ಟ ಟರ್ಬೈನ್ ಕೂರಿಸಿಕೊಂಡ ಮನೆಗಳವರು ಈ ಪತ್ರ ಓದಿ ನಗುತ್ತಿರಬಹುದು. ಅಲ್ಲಿ ನೀರಿನ ಹರಿವನ್ನು ಮತ್ತೆ ಮತ್ತೆ ತಿದ್ದುವ ಬದಲು, ಮನೆಗೆ ಬೇಡವಾದ ಕರೆಂಟನ್ನೆಲ್ಲ ಒಂದು ಹೀಟರಿಗೆ ತಿರುಗಿಸಿ ಒಟ್ಟು ಲೋಡನ್ನು ಸಮನಾಗಿಡುವ ಕಂಟ್ರೋಲರ್ ಇರುತ್ತದೆ. ವೋಲ್ಟೇಜೂ ನಿಲ್ಲುತ್ತದೆ, ಸ್ನಾನಕ್ಕೆ ಬಿಸಿನೀರೂ ಆಗುತ್ತದೆ.

ಕೊನೆಗೆ ಸ್ವಲ್ಪ ಕಹಿಯಾದ ಮಾತು. ನಿಮ್ಮಲ್ಲಿ ಹಲವರ ಮಂಜೂರಾದ ಲೋಡ್ ಹಳೆ ಮನೆಯ ಕಾಲದ್ದೇ, 3 ಕಿಲೋವ್ಯಾಟ್. ಈಗ ಆರು ಕೋಣೆಗೆ ಆರು ಗೀಸರ್, ಅದೇ 12 ಕಿಲೋವ್ಯಾಟ್. ನಿಮ್ಮ ಟಿಸಿ 25 ಕೆವಿಎ ಇದ್ದರೆ ಅದರ ಅರ್ಧದಷ್ಟನ್ನು ನೀವೊಬ್ಬರೇ ನುಂಗುತ್ತಿದ್ದೀರಿ, ದಾಖಲೆಯಲ್ಲಿ ಅದು ಇಲ್ಲ. ದಾಖಲೆಯಲ್ಲಿ ಇಲ್ಲದ ಲೋಡಿಗೆ ಹೊಸ ಟಿಸಿ ಯಾರು ಕೊಡುತ್ತಾರೆ? ಲೋಡ್ ಹೆಚ್ಚಿಸಿಕೊಳ್ಳಲು ಅರ್ಜಿ ಹಾಕಿ. ಒಂದೇ ಲೈನಿನ ಹೋಂಸ್ಟೇಯವರು, ಪಕ್ಕದ ಮನೆಯವರು ಒಟ್ಟಿಗೆ ಕೂತು, ಹದಿನೈದು ದಿನದ ವೋಲ್ಟೇಜ್ ಪಟ್ಟಿಯನ್ನು ತಾರೀಖು, ಗಂಟೆ ಸಮೇತ ಬರೆದು, ಎಲ್ಲರ ಆರ್‌ಆರ್ ನಂಬರ್ ಹಾಕಿ ಸಹಿ ಮಾಡಿ. ಶಿವಮೊಗ್ಗ, ಚಿಕ್ಕಮಗಳೂರಿನವರು ಮೆಸ್ಕಾಂಗೆ, ಕೊಡಗು, ಹಾಸನದವರು ಸೆಸ್ಕ್‌ಗೆ, ಉತ್ತರ ಕನ್ನಡದವರು ಹೆಸ್ಕಾಂಗೆ ಕೊಡಿ. ಸೆಕ್ಷನ್ ಆಫೀಸಿನಲ್ಲಿ ಸ್ವೀಕೃತಿ ಪಡೆಯಿರಿ, 1912ಕ್ಕೂ ದೂರು ದಾಖಲಿಸಿ ಸಂಖ್ಯೆ ಬರೆದಿಟ್ಟುಕೊಳ್ಳಿ. 'ಡಿಮ್ ಇದೆ' ಎಂಬ ದೂರಿಗೆ ಉತ್ತರ ಬರುವುದಿಲ್ಲ. 'ಶನಿವಾರ ರಾತ್ರಿ ಎಂಟಕ್ಕೆ 152' ಎಂಬ ದೂರನ್ನು ತಳ್ಳಿಹಾಕುವುದು ಕಷ್ಟ. ಮಳೆ ಹಿಡಿದ ಮೇಲೆ ಕಂಬದ ಕೆಲಸ ಆಗುವುದಿಲ್ಲ. ಅರ್ಜಿ ಈಗಲೇ ಹೋಗಲಿ.

ಇಂತಿ ನಿಮ್ಮವ,
ಮೋಟಾರ್ ವೈಂಡಿಂಗ್ ಕೆಲಸದವ